ಸಭೆಯ ಪೋಸ್ಟರ್ ಯಾರು ಓದಬೇಕು ಅನ್ನೋದು ಮೊದಲು ತೀರ್ಮಾನ ಆಗಲಿ

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ತಾಲೂಕು ಊರಿನವನು, ಬಿ.ಕಾಂ. ಓದುತ್ತಿದ್ದೇನೆ. ನಮ್ಮ ಸಭೆಯ (ಅಂದರೆ ನಮ್ಮ ಚರ್ಚಿನ) ಪೋಸ್ಟರ್, ಫ್ಲೆಕ್ಸ್, ವಾಟ್ಸಾಪ್ ಸ್ಟೇಟಸ್ ಎಲ್ಲಾ ನಾನೇ ಫೋನ್‌ನಲ್ಲಿ ಕ್ಯಾನ್ವಾ ಅನ್ನೋ ಡಿಸೈನ್ ಆಪ್ ಬಳಸಿ ಮಾಡುತ್ತೇನೆ. ಡಿಸೆಂಬರ್ 21ಕ್ಕೆ ಕ್ರಿಸ್ಮಸ್ ಹಾಡುಗಳ ಕಾರ್ಯಕ್ರಮ ಇದೆ, ಊರಿನವರನ್ನೂ ಕರೆಯಬೇಕು ಅಂತ ಪಾಸ್ಟರ್ ಆಸೆ. ಹೋದ ವರ್ಷ ಫ್ಲೆಕ್ಸ್ ಅಂಗಡಿಯಲ್ಲಿ ಕನ್ನಡ ಅಕ್ಷರಗಳೆಲ್ಲ ಒಡೆದು ಬಂದವು. ಕಮಿಟಿಯವರು ಎಲ್ಲರ ಫೋಟೊ, ಹೆಸರು, ಎರಡು ಬೈಬಲ್ ವಚನ ಇರಲೇಬೇಕು ಅನ್ನುತ್ತಾರೆ, ಹಾಕಿದರೆ ಚೆಂದ ಕಾಣುವುದಿಲ್ಲ. ಯಾವ ಫಾಂಟ್ ಒಳ್ಳೆಯದು? ಗೂಗಲ್‌ನಿಂದ ಯೇಸುವಿನ ಚಿತ್ರ ತೆಗೆದುಕೊಳ್ಳಬಹುದಾ? ದುಡ್ಡು ಜಾಸ್ತಿ ಇಲ್ಲ. ಹೋದ ವರ್ಷದ ಫ್ಲೆಕ್ಸ್ ಫೋಟೊ ಕಳಿಸಿದ್ದೇನೆ. ದಾರಿ ತೋರಿಸಿ ಸರ್.

ಉತ್ತರ: ನಿಮ್ಮ ಫ್ಲೆಕ್ಸ್ ಫೋಟೊವನ್ನು ದೊಡ್ಡದು ಮಾಡಿ ನಿಧಾನವಾಗಿ ನೋಡಿದೆ. ಮೇಲೆ ಎಡಕ್ಕೊಂದು ಬಲಕ್ಕೊಂದು ಶಿಲುಬೆ. ನಡುವೆ ಸಭೆಯ ಹೆಸರು, ಕೆಂಪು ಅಕ್ಷರ, ಅದಕ್ಕೆ ಬಿಳಿ ಅಂಚು, ಅಂಚಿಗೊಂದು ಕಪ್ಪು ನೆರಳು. ಅದರ ಕೆಳಗೆ ಎರಡು ವಚನ. ಎಡಗಡೆ ಪಾಸ್ಟರ್ ದಂಪತಿ, ಬಲಗಡೆ ಮುಖ್ಯ ಅತಿಥಿ, ಕೆಳಗೆ ಗುಂಡಗೆ ಕತ್ತರಿಸಿದ ಹನ್ನೊಂದು ಮುಖಗಳು. ಹಿಂದೆ ಹಿಮ ಬಿದ್ದ ಪೈನ್ ಮರ, ಜಿಂಕೆ ಗಾಡಿ. ಕಾರ್ಯಕ್ರಮ ಏನು ಅನ್ನೋದು ವಚನಗಳೂ ಮುಗಿದ ಮೇಲೆ ಬರುತ್ತದೆ. ದಿನಾಂಕ ಬಲ ಮೂಲೆಯಲ್ಲಿ, ಹಿಮದ ಮೇಲೆ ಬಿಳಿ ಅಕ್ಷರದಲ್ಲಿ. ಸ್ಥಳ ಅನ್ನೋ ಕಡೆ "ನಮ್ಮ ಸಭಾ ಮಂದಿರದಲ್ಲಿ" ಅಂತಷ್ಟೇ ಇದೆ.

ಸಭಾ ಮಂದಿರ ಎಲ್ಲಿದೆ ಅಂತ ಗೊತ್ತಿರುವುದು ಸಭೆಗೆ ಬರುವವರಿಗೆ ಮಾತ್ರ ಅಲ್ವಾ? ಅವರಿಗೆ ಫ್ಲೆಕ್ಸೇ ಬೇಕಾಗಿಲ್ಲ. ಭಾನುವಾರದ ಪ್ರಕಟಣೆಯಲ್ಲಿ ಕೇಳಿರುತ್ತಾರೆ, ವಾಟ್ಸಾಪ್ ಗ್ರೂಪಿನಲ್ಲಿ ಓದಿರುತ್ತಾರೆ, ಹಾಡಿನ ಪ್ರ್ಯಾಕ್ಟೀಸಿಗೂ ಬಂದಿರುತ್ತಾರೆ. ನೀವು ಕರೆಯಬೇಕಾದವರು ಬಸ್‌ಸ್ಟ್ಯಾಂಡಿನಿಂದ ಮನೆಗೆ ನಡೆದು ಹೋಗುವವರು, ಸಂತೆಗೆ ಬಂದವರು, ಪಕ್ಕದ ಓಣಿಯ ಹುಡುಗರು. ಅವರಿಗೆ ಬೇಕಾದ ಒಂದು ವಿಷಯವೂ ಆ ಫ್ಲೆಕ್ಸ್‌ನಲ್ಲಿ ಸುಲಭವಾಗಿ ಸಿಗುವುದಿಲ್ಲ.

ನೀವು ಮೂರ್ನಾಲ್ಕು ಪ್ರಶ್ನೆ ಕೇಳಿದ್ದೀರಿ. ಫಾಂಟ್, ಚಿತ್ರ, ಕಮಿಟಿ, ದುಡ್ಡು. ನನ್ನ ಅನುಭವದಲ್ಲಿ ಇವೆಲ್ಲದರ ಕೆಳಗೆ ಇರುವುದು ಒಂದೇ ಪ್ರಶ್ನೆ: ಇದನ್ನು ಯಾರು ಓದಬೇಕು? ಇದು ತೀರ್ಮಾನ ಆಗದೆ ಕ್ಯಾನ್ವಾ ತೆರೆಯಲೇಬೇಡಿ. ಸಭೆಗಳ ಡಿಸೈನ್ ಕೆಡುವುದು ಡಿಸೈನ್ ಬಾರದವರಿಂದ ಅಂತ ಜನ ಅಂದುಕೊಂಡಿದ್ದಾರೆ. ನಾನು ನೋಡಿದ ಹಾಗೆ ಅದು ಕೆಡುವುದು ಮೀಟಿಂಗ್‌ನಲ್ಲಿ, ಒಳಗಿನವರಿಗೆ ಗೌರವ ಸಲ್ಲಿಸುವ ಕೆಲಸವನ್ನೂ ಹೊರಗಿನವರನ್ನು ಕರೆಯುವ ಕೆಲಸವನ್ನೂ ಒಂದೇ ಹಾಳೆಯ ಮೇಲೆ ಹೇರಿದಾಗ.

ಸ್ವಲ್ಪ ಲೆಕ್ಕ ಹಾಕೋಣ. ಬೈಕಿನವರು ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬಂದರೆ ಸೆಕೆಂಡಿಗೆ 11 ಮೀಟರ್ ದಾಟುತ್ತಾರೆ. 100 ಅಡಿ ದೂರದಿಂದ ನಿಮ್ಮ ಫ್ಲೆಕ್ಸ್ ಕಂಡರೆ ಓದಲು ಸಿಗುವುದು ಮೂರು ಸೆಕೆಂಡು ಕೂಡ ಇಲ್ಲ. ಬೋರ್ಡ್ ಬರೆಯುವವರಲ್ಲಿ ಒಂದು ಅಂದಾಜು ಇದೆ: ಆರಾಮಾಗಿ ಓದಬೇಕಾದರೆ ಪ್ರತಿ 10 ಅಡಿ ದೂರಕ್ಕೆ 1 ಇಂಚು ಎತ್ತರದ ಅಕ್ಷರ ಬೇಕು. ಅಂದರೆ 100 ಅಡಿಗೆ 10 ಇಂಚು. 10 ಅಡಿ ಅಗಲದ ಫ್ಲೆಕ್ಸ್ ಅಂದರೆ 120 ಇಂಚು. ಕನ್ನಡದ ಅಕ್ಷರ ಸಾಮಾನ್ಯವಾಗಿ ಎತ್ತರದಷ್ಟೇ ಅಗಲ, ಕೆಲವು ಇನ್ನೂ ಅಗಲ. ಹಾಗಾಗಿ ಒಂದು ಸಾಲಿನಲ್ಲಿ ಹಿಡಿಸುವುದು ಹತ್ತು ಅಕ್ಷರ. "ಕ್ರಿಸ್ಮಸ್ ಹಾಡುಗಳ ಸಂಜೆ" ಅಂತ ಬರೆದರೆ ಆ ಸಾಲು ತುಂಬಿತು. ಈಗ ಹೇಳಿ, ಹದಿನಾಲ್ಕು ಮುಖ ಎಲ್ಲಿ ಕೂರುತ್ತವೆ?

ಹಾಗಾದರೆ ಫ್ಲೆಕ್ಸ್ ಮೇಲೆ ಏನಿರಬೇಕು? ನಿಮ್ಮ ಕಾರ್ಯಕ್ರಮಕ್ಕೆ ನಾನು ಬರೆಯುವುದಾದರೆ ಹೀಗೆ ಬರೆಯುತ್ತೇನೆ.

ಕ್ರಿಸ್ಮಸ್ ಹಾಡುಗಳ ಸಂಜೆ
ಡಿಸೆಂಬರ್ 21, ಭಾನುವಾರ, ಸಂಜೆ 6ಕ್ಕೆ
ಬಸ್‌ಸ್ಟ್ಯಾಂಡ್ ಹಿಂದಿನ ಚರ್ಚ್, ಸರ್ಕಾರಿ ಹೈಸ್ಕೂಲ್ ಎದುರು
ಎಲ್ಲರೂ ಬನ್ನಿ, ಮಕ್ಕಳನ್ನೂ ಕರೆತನ್ನಿ

ಕೆಳಗೆ ಸಣ್ಣದಾಗಿ ಸಭೆಯ ಹೆಸರು, ಒಂದು ಫೋನ್ ನಂಬರ್. ಅಷ್ಟೇ. ಹೈಸ್ಕೂಲು ನಾನು ಸುಮ್ನೆ ಹಾಕಿದ್ದು. ನಿಮ್ಮ ಊರಿನ ಆಟೋದವರು ಆ ಜಾಗಕ್ಕೆ ಏನನ್ನುತ್ತಾರೋ ಅದನ್ನೇ ಬರೆಯಿರಿ. ಅವರು "ನೀರಿನ ಟ್ಯಾಂಕ್ ಹತ್ರ" ಅಂದರೆ ಅದೇ ನಿಮ್ಮ ವಿಳಾಸ. ಕೊನೆಯ ಸಾಲನ್ನು ಬೇಕು ಅಂತಲೇ ಹಾಕಿದ್ದೇನೆ. ಚರ್ಚಿನ ಗೇಟು ದಾಟಿ ಒಳಗೆ ಬರಬಹುದೋ ಇಲ್ಲವೋ, ಯಾರಾದರೂ ಏನಾದರೂ ಅಂದುಕೊಳ್ಳುತ್ತಾರೋ ಅನ್ನುವ ಅಳುಕು ಅಕ್ಕಪಕ್ಕದವರಿಗೆ ಇರುತ್ತದೆ. ನಾಲ್ಕು ಪದದಲ್ಲಿ ಆ ಅಳುಕು ಹೋಗುವುದಾದರೆ ಎರಡು ವಚನದ ಜಾಗವನ್ನು ಅದಕ್ಕೆ ಕೊಡಬಹುದು.

ವಚನವೇ ಬೇಡ ಅಂತ ಹೇಳುತ್ತಿಲ್ಲ. ಒಂದು ವಚನ, ಚಿಕ್ಕದು, ಕೈಯಲ್ಲಿ ಹಿಡಿದು ಓದುವ ಕಾರ್ಡಿನಲ್ಲಿ ಇರಲಿ. ಕ್ರಿಸ್ಮಸ್‌ಗೆ ಲೂಕ 2ನೇ ಅಧ್ಯಾಯದ 10, 11 ಸಾಕು. ನಿಮ್ಮ ಸಭೆಯಲ್ಲಿ ಓದುವ ಸತ್ಯವೇದವನ್ನೇ (ಬೈಬಲ್) ಮುಂದಿಟ್ಟುಕೊಂಡು ಅಕ್ಷರ ಅಕ್ಷರ ನೋಡಿ ಟೈಪ್ ಮಾಡಿ, ನೆನಪಿನಿಂದ ಬೇಡ. ಕ್ಯಾಥೊಲಿಕರ ಬೈಬಲ್ ಅನುವಾದಕ್ಕೂ ಪ್ರೊಟೆಸ್ಟೆಂಟ್ ಸಭೆಗಳ ಅನುವಾದಕ್ಕೂ ವಾಕ್ಯ ಬೇರೆ, ಕೆಲವು ಹೆಸರುಗಳೂ ಬೇರೆ. ಇಂಟರ್‌ನೆಟ್‌ನಿಂದ ಕಾಪಿ ಮಾಡಿದರೆ ಯಾವುದು ಬಂತು ಅಂತ ನಿಮಗೆ ತಿಳಿಯುವುದಿಲ್ಲ, ಹಿರಿಯರಿಗೆ ಒಂದೇ ನೋಟಕ್ಕೆ ತಿಳಿಯುತ್ತದೆ.

ಈಗ ಕಮಿಟಿಯ ವಿಷಯ. "ನಿಮ್ಮ ಹೆಸರು ಬೇಡ" ಅಂತ ಯಾರಿಗೂ ಹೇಳಬೇಡಿ. ಅವರು ವರ್ಷಗಟ್ಟಲೆ ಸಭೆಗೆ ದುಡಿದವರು. ಹೆಸರು ಕಾಣಬೇಕು ಅನ್ನುವುದು ತಪ್ಪೂ ಅಲ್ಲ. "ಹೆಸರುಗಳಿಗೆ ಆಹ್ವಾನ ಪತ್ರಿಕೆ ಮಾಡೋಣ, ಅದರಲ್ಲಿ ಎಲ್ಲರ ಹೆಸರೂ ಜವಾಬ್ದಾರಿಯೂ ಚೆನ್ನಾಗಿ ಬರಲಿ. ಫ್ಲೆಕ್ಸ್ ಊರಿನವರಿಗೆ ಇರಲಿ" ಅನ್ನಿ. ಆ ಮೇಲೆ ಮಾತಿಗಿಂತ ಜಾಸ್ತಿ ಕೆಲಸ ಮಾಡುವ ಒಂದು ಉಪಾಯ ಇದೆ. ಹಳೇ ಡಿಸೈನ್ ಒಂದು, ಹೊಸದೊಂದು, ಎರಡನ್ನೂ ಎ4 ಹಾಳೆಯಲ್ಲಿ ಪ್ರಿಂಟ್ ತೆಗೆದು ಮೀಟಿಂಗ್ ನಡೆಯುವ ಕೋಣೆಯ ಆ ಕಡೆ ಗೋಡೆಗೆ ಅಂಟಿಸಿ. ಸಭೆಗೆ ಬಾರದ ಒಬ್ಬರನ್ನು, ಪಕ್ಕದ ಕಿರಾಣಿ ಅಂಗಡಿಯವರೋ ಟೀ ತಂದವರೋ ಆಗಬಹುದು, ಬಾಗಿಲಲ್ಲಿ ನಿಲ್ಲಿಸಿ ಕೇಳಿ: ಏನು ಕಾರ್ಯಕ್ರಮ, ಯಾವತ್ತು, ಎಲ್ಲಿ? ಅವರು ಕಣ್ಣು ಚಿಕ್ಕದು ಮಾಡಿ ತಡಕಾಡುವುದನ್ನು ಹಿರಿಯರೇ ನೋಡಿದರೆ ನೀವು ವಾದ ಮಾಡುವ ಅಗತ್ಯ ಬರುವುದಿಲ್ಲ.

ಇನ್ನು ಅಕ್ಷರ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನಿಮ್ಮ ಸಭೆಯ ಕೆಲಸಕ್ಕೆ ಇದಕ್ಕಿಂತ ಮುಖ್ಯವಾದದ್ದು ಇಲ್ಲ.

ಹೋದ ವರ್ಷ ಏನಾಯಿತು ಅಂತ ಊಹಿಸಬಲ್ಲೆ. ನಿಮ್ಮ ಫೋನಿನಲ್ಲಿ "ಕ್ರಿಸ್ತ" ಅಂತ ಸರಿಯಾಗಿದ್ದದ್ದು ಅಂಗಡಿಯಲ್ಲಿ "ಕ್‌ರಿಸ್‌ತ" ಆಯಿತು. ಹೌದಲ್ವಾ? ಫೋನಿನಲ್ಲಿ ನೀವು ಬರೆಯುವುದು ಯುನಿಕೋಡ್. ಅದರಲ್ಲಿ ಕ, ಅರ್ಧಾಕ್ಷರದ ಚಿಹ್ನೆ, ರ, ಗುಡಿಸು ಎಲ್ಲಾ ಒಂದರ ಹಿಂದೆ ಒಂದು ಬಿಡಿಬಿಡಿಯಾಗಿ ಇರುತ್ತವೆ. ಅವನ್ನು ಜೋಡಿಸಿ ರ ಒತ್ತನ್ನು ಕ ಕೆಳಗೆ ಇಡುವುದು ತೆರೆಯ ಮೇಲೆ ತೋರಿಸುವ ಸಾಫ್ಟ್‌ವೇರಿನ ಕೆಲಸ. ಎಷ್ಟೋ ಫ್ಲೆಕ್ಸ್ ಅಂಗಡಿಗಳಲ್ಲಿ ಹಳೇ ಫೋಟೊಶಾಪ್, ಹಳೇ ಕೋರೆಲ್ ಡ್ರಾ ಇರುತ್ತವೆ. ಅವುಗಳಿಗೆ ಈ ಜೋಡಣೆ ಬರುವುದಿಲ್ಲ, ಅಥವಾ ಬಂದರೂ ಅದರ ಸೆಟ್ಟಿಂಗ್ ಆನ್ ಆಗಿರುವುದಿಲ್ಲ. ಅಂಗಡಿಯವರು ನುಡಿ, ಶ್ರೀಲಿಪಿ ತರಹದ ಹಳೇ ಫಾಂಟುಗಳಲ್ಲಿ ಕೆಲಸ ಮಾಡಿ ರೂಢಿ. ಆ ಹಳೇ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರುತ್ತಾರೆ. ಹಾಗಾಗಿ ಅವರ ಫೈಲು ನಿಮ್ಮಲ್ಲಿ ಅರ್ಥವಾಗದ ಇಂಗ್ಲಿಷ್ ಆಗುತ್ತದೆ, ನಿಮ್ಮ ಫೈಲು ಅವರಲ್ಲಿ ಒಡೆಯುತ್ತದೆ. ತಪ್ಪು ಯಾರದ್ದೂ ಅಲ್ಲ, ಎರಡು ಪದ್ಧತಿ ಅಷ್ಟೇ.

ಪರಿಹಾರ ಸುಲಭ. ಪಠ್ಯವನ್ನು ಪಠ್ಯವಾಗಿ ಕಳಿಸಬೇಡಿ. ಕ್ಯಾನ್ವಾದಲ್ಲಿ ಫ್ಲೆಕ್ಸ್‌ನ ಅನುಪಾತದಲ್ಲೇ ಕ್ಯಾನ್ವಾಸ್ ತೆರೆಯಿರಿ. 10 ಅಡಿಗೆ 6 ಅಡಿ ಫ್ಲೆಕ್ಸ್ ಆದರೆ 5000 ಪಿಕ್ಸೆಲ್‌ಗೆ 3000 ಪಿಕ್ಸೆಲ್. ಮುಗಿದ ಮೇಲೆ ಪಿಡಿಎಫ್ ಪ್ರಿಂಟ್ ಅಂತ ಡೌನ್‌ಲೋಡ್ ಮಾಡಿ. ಅದರಲ್ಲಿ ಅಕ್ಷರಗಳ ಜೋಡಣೆ ಮುಗಿದೇ ಇರುತ್ತದೆ, ಎಷ್ಟು ಹಿಗ್ಗಿಸಿದರೂ ಅಂಚು ಚೂಪಾಗಿ ಉಳಿಯುತ್ತದೆ. ಅಂಗಡಿಯವರು ಅದನ್ನು ಬೇಕಾದ ಅಳತೆಗೆ ತೆರೆದು ಸೀದಾ ಮಷೀನಿಗೆ ಕೊಟ್ಟರೆ ಆಯಿತು, ಮತ್ತೆ ಟೈಪ್ ಮಾಡುವ ಪ್ರಶ್ನೆಯೇ ಇಲ್ಲ. ಜೊತೆಗೆ ಒಂದು ಪಿಎನ್‌ಜಿ ಕೂಡ ಕೊಡಿ, ಹೇಗೆ ಕಾಣಬೇಕು ಅಂತ ಹೋಲಿಸಿ ನೋಡಲು. ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೊ ಆಗಿ ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸಿಬಿಡುತ್ತದೆ. ಅಂಗಡಿಯಲ್ಲೇ ಫೋಟೊಶಾಪ್‌ನಲ್ಲಿ ತಿದ್ದಲೇಬೇಕಾಗಿ ಬಂದರೆ, ಪ್ರಿಫರೆನ್ಸಸ್‌ನಲ್ಲಿ ಟೈಪ್ ಅನ್ನುವ ಕಡೆ ವರ್ಲ್ಡ್ ರೆಡಿ ಲೇಔಟ್ ಅಂತ ಇರುತ್ತದೆ, ಹಳೇ ಆವೃತ್ತಿಯಲ್ಲಿ ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್ ಅಂತ. ಅದನ್ನು ಆರಿಸಿದರೆ ಒತ್ತಕ್ಷರ ಕೂಡಿಕೊಳ್ಳುತ್ತದೆ.

ಅವರು ಮತ್ತೆ ಟೈಪ್ ಮಾಡಿದ್ದರೆ ಮಾತ್ರ ನೀವೇ ಹೋಗಿ ತೆರೆಯ ಮುಂದೆ ಕೂತು ಓದಿ. "ಪ್ರಾರ್ಥನೆ" ಅನ್ನುವಲ್ಲಿ ಅರ್ಕಾವತ್ತು ಬಿಟ್ಟುಹೋಗಿ "ಪ್ರಾಥನೆ" ಆಗುವುದು, "ಹಾರ್ದಿಕ" ಹೋಗಿ "ಹಾರ್ಧಿಕ" ಆಗುವುದು, "ಶುಭಾಶಯ" ಹೋಗಿ "ಶುಭಾಷಯ" ಆಗುವುದು, ಈ ಮೂರು ನಮ್ಮ ಊರುಗಳ ಫ್ಲೆಕ್ಸ್‌ಗಳಲ್ಲಿ ಎಲ್ಲೆಲ್ಲೂ ಕಾಣುತ್ತವೆ. ಪ್ರಾರ್ಥನೆ ಅನ್ನೋ ಪದವನ್ನು ಚರ್ಚೇ ತಪ್ಪಾಗಿ ಬರೆದರೆ ನನಗೆ ನಿಜವಾಗಿ ನೋವಾಗುತ್ತದೆ. ಕಾರಣ ಇದೆ. ಮಂಗಳೂರಿನಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರ ಅಚ್ಚುಕೂಟ ಶುರುವಾಗಿದ್ದು 1841ರಲ್ಲಿ. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವನ್ನು ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ತಂದರು, ಅದೂ ಕಲ್ಲಚ್ಚಿನಲ್ಲಿ. ಅದೇ ಮಿಷನ್ನಿನ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಇದೇ ಮಿಷನ್ನಿನವರು ನಿಮ್ಮ ಪಕ್ಕದ ಹುಬ್ಬಳ್ಳಿ, ಧಾರವಾಡದಲ್ಲೂ ಕೆಲಸ ಮಾಡಿದವರು. ಕನ್ನಡ ಅಕ್ಷರವನ್ನು ಅಷ್ಟು ಪ್ರೀತಿಯಿಂದ ಕಲ್ಲಿಗೂ ಸೀಸಕ್ಕೂ ಇಳಿಸಿದ ಪರಂಪರೆ ನಮ್ಮ ಸಭೆಗಳದ್ದು. ನಮಗೆ ಫೋನೇ ಅಚ್ಚುಕೂಟ ಆಗಿರುವಾಗ ಕನಿಷ್ಠ ಕಾಗುಣಿತ ಸರಿ ಇರಬೇಕು.

ಫಾಂಟ್ ಯಾವುದು ಅಂದಿರಿ. ಗೂಗಲ್ ಫಾಂಟ್ಸ್‌ನಲ್ಲಿ ಕನ್ನಡಕ್ಕೆ ಒಳ್ಳೆಯ ಉಚಿತ ಫಾಂಟುಗಳಿವೆ, ಪ್ರಿಂಟಿಗೂ ಬಳಸಬಹುದು. ಅನೆಕ್ ಕನ್ನಡದಲ್ಲಿ ತೆಳುವಿನಿಂದ ದಪ್ಪದವರೆಗೆ, ಕಿರಿದರಿಂದ ಅಗಲದವರೆಗೆ ಬೇಕಾದಷ್ಟು ಇದೆ, ಫ್ಲೆಕ್ಸ್ ತಲೆಬರಹಕ್ಕೆ ನಾನು ಮೊದಲು ಹುಡುಕುವುದು ಇದನ್ನೇ. ಬಲೂ ತಮ್ಮ 2 ದುಂಡಗೆ ದಪ್ಪಗೆ ಇದೆ, ಸಂಡೇ ಸ್ಕೂಲ್ ಮತ್ತು ಬೇಸಿಗೆಯ ಮಕ್ಕಳ ಬೈಬಲ್ ಶಾಲೆ ವಿಬಿಎಸ್‌ಗೆ ಹೇಳಿಮಾಡಿಸಿದ ಹಾಗಿದೆ, ಮರಣದ ಪ್ರಕಟಣೆಗೆ ಮಾತ್ರ ಬೇಡ. ವಚನಕ್ಕೆ ಟಿರೊ ಕನ್ನಡ ಅಥವಾ ನೋಟೊ ಸೆರಿಫ್ ಕನ್ನಡ, ಪುಸ್ತಕದ ಅಕ್ಷರದ ಗಾಂಭೀರ್ಯ ಇರುತ್ತದೆ. ಇವುಗಳಲ್ಲಿ ಕ್ಯಾನ್ವಾದಲ್ಲಿ ನಿಮಗೆ ಸಿಕ್ಕಿದ ಎರಡನ್ನು ಆರಿಸಿಕೊಂಡು ವರ್ಷ ಪೂರ್ತಿ ಅವೆರಡನ್ನೇ ಬಳಸಿ. ಮೂರನೆಯದು ಬೇಡ. ಹೀಗೆ ಮಾಡಿದರೆ ಬೇರೆ ಲೋಗೊ ಮಾಡಿಸದೆಯೇ "ಇದು ಆ ಚರ್ಚಿನವರದ್ದು" ಅಂತ ಜನ ಗುರುತು ಹಿಡಿಯುತ್ತಾರೆ.

ಕನ್ನಡಕ್ಕೆ ಇನ್ನೂ ಕೆಲವು ಎಚ್ಚರ ಬೇಕು, ಇಂಗ್ಲಿಷಿನ ಡಿಸೈನ್ ವಿಡಿಯೊಗಳಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ನಮ್ಮ ಒತ್ತಕ್ಷರಗಳು ಕೆಳಗೆ ಇಳಿಯುತ್ತವೆ. ಸಾಲುಗಳ ನಡುವೆ ಜಾಗ ಕಡಿಮೆ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ. ಕ್ಯಾನ್ವಾದ ಸಾಲಂತರ 1.4 ಸುಮಾರಿಗೆ ಇಟ್ಟು ನೋಡಿ. ಅಕ್ಷರಗಳ ನಡುವಿನ ಅಂತರ ಸೊನ್ನೆಯಲ್ಲೇ ಇರಲಿ. ಎಳೆದು ಬಿಡಿಸಿದರೆ ಪದ ಚೆಲ್ಲಾಪಿಲ್ಲಿ ಆಗುತ್ತದೆ. ಬಾಗಿಸುವ ಎಫೆಕ್ಟ್ ಬೇಡ, ಒತ್ತುಗಳು ಒಂದರ ಮೇಲೊಂದು ಬೀಳುತ್ತವೆ. ಎಲ್ಲಕ್ಕಿಂತ ಮುಖ್ಯ, ಅಕ್ಷರದ ಸುತ್ತ ದಪ್ಪ ಅಂಚು ಬೇಡ. ದ, ಧ, ಥ ಮೂರನ್ನು ಹತ್ತಿರ ಇಟ್ಟು ನೋಡಿ. ಧಕ್ಕೆ ಕೆಳಗೊಂದು ಸೀಳು, ಥಕ್ಕೆ ಒಳಗೊಂದು ಚುಕ್ಕೆ, ವ್ಯತ್ಯಾಸ ಅಷ್ಟೇ. ಬ ಮತ್ತು ಭ ಕೂಡ ಹಾಗೇ. ನಿಮ್ಮ ಫ್ಲೆಕ್ಸ್‌ನಲ್ಲಿ ಆ ಬಿಳಿ ಅಂಚು ಕಪ್ಪು ನೆರಳು ಸೇರಿ ಈ ಸೀಳು ಚುಕ್ಕೆಗಳನ್ನೆಲ್ಲ ಮುಚ್ಚಿಹಾಕಿವೆ. "ಸಭೆ" ಅನ್ನೋದು ದೂರದಿಂದ "ಸಬೆ" ಅಂತ ಕಾಣುತ್ತದೆ. ಅಂಚು ಹಾಕುವ ಆಸೆ ಬರುವುದೇ ಹಿನ್ನೆಲೆ ಗಿಜಿಗಿಜಿ ಇದ್ದಾಗ. ಹಿನ್ನೆಲೆಯನ್ನು ಒಂದೇ ಗಾಢ ಬಣ್ಣ ಮಾಡಿ, ಅಂಚಿನ ಅಗತ್ಯ ತಾನೇ ಹೋಗುತ್ತದೆ.

ಬಣ್ಣದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಚರ್ಚಿನ ವರ್ಷಕ್ಕೆ ಅದರದ್ದೇ ಬಣ್ಣಗಳಿವೆ: ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ವಾರ ಮತ್ತು ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸಿನ ಕಾಲಕ್ಕೆ ನೇರಳೆ, ಕ್ರಿಸ್ಮಸ್ ಮತ್ತು ಈಸ್ಟರ್‌ಗೆ ಬಿಳಿ, ಈಸ್ಟರ್ ಆಗಿ ಐವತ್ತನೇ ದಿನ ಬರುವ ಪಂಚಾಶತ್ತಮದ ಹಬ್ಬಕ್ಕೆ ಕೆಂಪು, ಉಳಿದ ದಿನಗಳಿಗೆ ಹಸಿರು. ನಿಮ್ಮ ಸಭೆ ಇದನ್ನು ಪಾಲಿಸದೇ ಇದ್ದರೂ ಬಣ್ಣ ಆರಿಸಲು ಇದು ಒಳ್ಳೆಯ ಆಸರೆ. ನೀಲಿ ಮಿಶ್ರಿತ ಗಾಢ ನೇರಳೆಯ ಮೇಲೆ ಬಿಳಿ ಅಕ್ಷರ, ದಿನಾಂಕಕ್ಕೆ ಮಾತ್ರ ಹಳದಿ. ಮೇಲೆ ಹಳದಿ ಕೆಳಗೆ ಕೆಂಪು ಮಾತ್ರ ಮಾಡಬೇಡಿ, ನವೆಂಬರ್ ಮುಗಿದರೂ ಜನ ಅದನ್ನು ರಾಜ್ಯೋತ್ಸವದ್ದು ಅಂತಲೇ ಓದುತ್ತಾರೆ. ಫೋನಿನ ತೆರೆಯಲ್ಲಿ ಮಿಂಚುವ ನೀಲಿ, ಗಿಳಿಹಸಿರು ಪ್ರಿಂಟಿನಲ್ಲಿ ಮಂಕಾಗುತ್ತವೆ ಅನ್ನೋದೂ ಗಮನದಲ್ಲಿರಲಿ.

ಚಿತ್ರ. ಗೂಗಲ್‌ನಲ್ಲಿ ಸಿಕ್ಕಿದ್ದೆಲ್ಲ ಉಚಿತ ಅಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಚಿತ್ರ ಬರೆದವರ ಹಕ್ಕು ಅವರ ಜೀವಿತಕಾಲ ಮತ್ತು ಆಮೇಲೆ 60 ವರ್ಷ ಇರುತ್ತದೆ, 2012ರ ತಿದ್ದುಪಡಿ ಆದಮೇಲೆ ಫೋಟೊಗೂ ಅಷ್ಟೇ. ದೇವರ ಕೆಲಸಕ್ಕೆ ಅಲ್ವಾ ಅಂತ ಕೆಲವರು ಸಮಾಧಾನ ಮಾಡಿಕೊಳ್ಳುತ್ತಾರೆ. ದೇವರ ಕೆಲಸ ಅಂತಲೇ ಇನ್ನೊಬ್ಬರ ದುಡಿಮೆಯನ್ನು ಕೇಳದೆ ತೆಗೆದುಕೊಳ್ಳಬಾರದು ಅನ್ನೋದು ನನ್ನ ಖಡಾಖಂಡಿತ ಅಭಿಪ್ರಾಯ. ಉಚಿತವಾಗಿ, ನ್ಯಾಯವಾಗಿ ಸಿಗುವ ಜಾಗಗಳು ಬೇಕಾದಷ್ಟಿವೆ. ಅನ್‌ಸ್ಪ್ಲ್ಯಾಶ್, ಪೆಕ್ಸೆಲ್ಸ್‌ನಲ್ಲಿ ಫೋಟೊಗಳಿವೆ. ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್ ಮ್ಯೂಸಿಯಂ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ತಮ್ಮಲ್ಲಿರುವ ಹಳೇ ಚಿತ್ರಗಳನ್ನು ದೊಡ್ಡ ಅಳತೆಯಲ್ಲೇ ಡೌನ್‌ಲೋಡ್ ಮಾಡಲು ಬಿಟ್ಟಿವೆ, ರೆಂಬ್ರಾಂಟ್ ಬಿಡಿಸಿದ ಬೈಬಲ್ ಕಥೆಗಳೂ ಅದರಲ್ಲಿವೆ. ಎಐ ಚಿತ್ರಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಅವುಗಳೊಳಗೆ ಕನ್ನಡ ಅಕ್ಷರ ಬರೆಸಬೇಡಿ, ಎಷ್ಟೋ ಸಲ ಕನ್ನಡದ ಹಾಗೆ ಕಾಣುವ ಏನೋ ಬರುತ್ತದೆ. ಬೆರಳುಗಳನ್ನೂ ಎಣಿಸಿ ನೋಡಿ.

ಆದರೆ ನನ್ನನ್ನು ಕೇಳಿದರೆ ಯೇಸುವಿನ ಮುಖವೇ ಬೇಕಾಗಿಲ್ಲ. ಹಿಮ, ಪೈನ್ ಮರ, ಜಿಂಕೆ ಮೊದಲೇ ಬೇಡ. ಬೆತ್ಲೆಹೇಮ್ ಕುರಿ ಮೇಯುವ ಗುಡ್ಡಗಳ ಊರು. ಕುರಿ, ಕಂಬಳಿ ಹೊದ್ದ ಕುರುಬ, ಗೋದಲಿ, ಇವು ಹಾವೇರಿ ಕಡೆಯವರಿಗೆ ಹೊಸದಾ? ಹಿಮಕ್ಕಿಂತ ನೂರು ಪಾಲು ಹತ್ತಿರ. ಕ್ರೈಸ್ತ ಚಿತ್ರ ಅಂದರೆ ಯುರೋಪಿನದ್ದೇ ಆಗಬೇಕು ಅನ್ನುವ ಕಾಲ ಯಾವತ್ತೋ ಹೋಯಿತು. ಬೆಂಗಳೂರಿನ ಹತ್ತಿರದ ಸಿಲ್ವೆಪುರದಲ್ಲಿ ಕಲಾವಿದ ಜ್ಯೋತಿ ಸಾಹಿ ಅವರು ದಶಕಗಳಿಂದ ಬೈಬಲ್ ವಿಷಯಗಳನ್ನು ಈ ನೆಲದ ರೂಪಗಳಲ್ಲಿ ಬಿಡಿಸುತ್ತಾ ಬಂದಿದ್ದಾರೆ. ಅವರ ಕೆಲಸ ನೋಡಿದರೆ ಕಣ್ಣಿನ ರೂಢಿಯೇ ಬದಲಾಗುತ್ತದೆ (ನೋಡಿ ಕಲಿಯಿರಿ, ಕಾಪಿ ಮಾಡಬೇಡಿ, ಮೇಲೆ ಹೇಳಿದ ಮಾತು ಅವರ ಚಿತ್ರಕ್ಕೂ ಸೇರುತ್ತದೆ). ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ನ ಗೋಡೆ, ಛಾವಣಿ ತುಂಬ ಇಟಲಿಯ ಮೊಶೆನಿ ಬಿಡಿಸಿದ ಚಿತ್ರಗಳಿವೆ, ಅವೂ ನನಗೆ ಇಷ್ಟ. ಆದರೆ ಅವು ಒಳಗೆ ನಿಂತು ತಲೆಯೆತ್ತಿ ನೋಡಲು ಮಾಡಿದವು, ಬಸ್‌ಸ್ಟ್ಯಾಂಡ್ ಎದುರಿಗೆ ಅಲ್ಲ.

ನೀವೇ ಫೋಟೊ ತೆಗೆಯಿರಿ. ಸಂಡೇ ಸ್ಕೂಲ್ ಮಕ್ಕಳು ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಕಟ್ಟುತ್ತಾರಾ? ತಟ್ಟೆಯಲ್ಲಿ ರಾಗಿ ಚೆಲ್ಲಿ ಮೊಳಕೆ ಬರಿಸಿ ಹುಲ್ಲು ಮಾಡುತ್ತಾರಲ್ಲ, ಅದನ್ನು ಬೆಳಗಿನ ಎಳೆ ಬಿಸಿಲಿನಲ್ಲಿ ಹತ್ತಿರದಿಂದ ತೆಗೆದರೆ ಸಾಕು, ಹಸಿರು ಮೊಳಕೆಯ ನಡುವೆ ಒಂದು ಮಣ್ಣಿನ ಕುರಿ. ಅಥವಾ ಚರ್ಚಿನ ಬಾಗಿಲಿಗೆ ತೂಗುಹಾಕಿದ ಕಾಗದದ ನಕ್ಷತ್ರ, ಸಂಜೆ ಆರೂವರೆಗೆ, ಆಕಾಶ ಇನ್ನೂ ನೀಲಿ ಇರುವಾಗ, ಒಳಗಿನ ಬಲ್ಬ್ ಹೊತ್ತಿಸಿ. ಆ ನೀಲಿಯಲ್ಲಿ ಅಕ್ಷರ ಇಡಲು ಜಾಗ ತಾನೇ ಸಿಗುತ್ತದೆ. ಇದು ನಿಮ್ಮದೇ ಚಿತ್ರ, ಹಕ್ಕಿನ ತಂಟೆ ಇಲ್ಲ, ಊರಿನವರು ದಿನಾ ನೋಡುವ ಬಾಗಿಲು ಬೇರೆ. ಮಕ್ಕಳ ಮುಖ ಹಾಕುವುದಾದರೆ ಅಪ್ಪ ಅಮ್ಮನನ್ನು ಕೇಳಿಯೇ ಹಾಕಿ. ಸಭೆ ಸಹಾಯ ಮಾಡಿದ ಬಡವರ, ಕಾಯಿಲೆಯವರ ಫೋಟೊ ಯಾವ ಪೋಸ್ಟರಿಗೂ ಬೇಡ. ಸಹಾಯ ಪಡೆದವರು ನಮ್ಮ ಪ್ರಚಾರಕ್ಕೆ ಮುಖ ಕೊಡಬೇಕಾದ ಸಾಲಗಾರರಲ್ಲ.

ಬರಹದಲ್ಲೂ ಎಚ್ಚರ ಬೇಕು. ಉಜ್ಜೀವನ ಕೂಟಗಳ (ವಿಶೇಷ ಪ್ರಾರ್ಥನಾ ಕೂಟಗಳ) ಪೋಸ್ಟರುಗಳಲ್ಲಿ "ಸಕಲ ರೋಗಗಳಿಗೆ ಅದ್ಭುತ ಸ್ವಸ್ಥತೆ" ಅಂತ ರೋಗಗಳ ಹೆಸರು ಸಮೇತ ಹಾಕುವುದು ನೋಡಿದ್ದೇನೆ. ಪವಾಡದಿಂದ ಕಾಯಿಲೆ ವಾಸಿ ಅನ್ನುವ ಜಾಹೀರಾತುಗಳನ್ನು ತಡೆಯಲು 1954ರಿಂದಲೇ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ಇದೆ. ಕಾನೂನು ಒಂದು ಕಡೆ ಇರಲಿ, ಆ ಸಾಲು ಓದಿ ಯಾರೋ ಮಾತ್ರೆ ನಿಲ್ಲಿಸಿದರೆ? "ರೋಗಿಗಳಿಗಾಗಿ ಪ್ರಾರ್ಥಿಸಲಾಗುವುದು" ಅನ್ನಿ, ಅದು ಸತ್ಯವೂ ಹೌದು, ಮರ್ಯಾದೆಯೂ ಹೌದು. "ಬಂದವರಿಗೆ ಕಂಬಳಿ ಉಚಿತ" ಅಂತ ಕಾರ್ಯಕ್ರಮದ ಫ್ಲೆಕ್ಸ್‌ನಲ್ಲಿ ಹಾಕಬೇಡಿ. ಕೊಡುವುದಿದ್ದರೆ ಬೇರೆ ದಿನ, ಪೋಸ್ಟರ್ ಇಲ್ಲದೆ ಕೊಡಿ. ಒಂದು ಸಾಲಿಂದ ಆಮಿಷದ ಮಾತು ಶುರುವಾಗಿ ಇಡೀ ಸಭೆಗೆ ತೊಂದರೆ ಆಗುತ್ತದೆ.

ಫ್ಲೆಕ್ಸ್ ಅಂತ ನಾನೂ ಬರೆಯುತ್ತಾ ಬಂದೆ, ಆದರೆ ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರುಗಳನ್ನು ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿದೆ. ಬಟ್ಟೆಯ ಮೇಲೆ ಅದೇ ಡಿಸೈನ್ ಪ್ರಿಂಟ್ ಮಾಡುವ ಅಂಗಡಿಗಳು ಹುಬ್ಬಳ್ಳಿ, ದಾವಣಗೆರೆ ಕಡೆ ವಿಚಾರಿಸಿದರೆ ಸಿಗುತ್ತವೆ. ಸ್ವಲ್ಪ ದುಬಾರಿ ಆಗಬಹುದು. ಅದಕ್ಕೇ ವರ್ಷ ಹಾಕದೆ "ಕ್ರಿಸ್ಮಸ್ ಹಾಡುಗಳ ಸಂಜೆ" ಅಂತ ದೊಡ್ಡ ಬಟ್ಟೆ ಬ್ಯಾನರ್ ಒಂದು ಮಾಡಿಸಿ, ದಿನಾಂಕಕ್ಕೆ ಬೇರೆ ಪಟ್ಟಿ ಹೊಲಿಸಿ. ನಾಲ್ಕೈದು ವರ್ಷ ಬರುತ್ತದೆ. ನಿಮ್ಮ ಕಾಂಪೌಂಡಿನ ಹೊರಗೆ ಕಟ್ಟುವುದಾದರೆ ಪಟ್ಟಣ ಪಂಚಾಯಿತಿಯೋ ಪುರಸಭೆಯೋ, ಅವರಿಂದ ಬರಹದಲ್ಲಿ ಅನುಮತಿ ತೆಗೆದುಕೊಳ್ಳಿ. ಸಾರ್ವಜನಿಕ ಜಾಗಗಳಲ್ಲಿ ಕೇಳದೆ ಪೋಸ್ಟರ್ ಅಂಟಿಸುವುದರ ಮೇಲೆ 1981ರ ಕಾಯ್ದೆಯೇ ಇದೆ. ಅನುಮತಿ ಪತ್ರದ ಫೋಟೊ ನಿಮ್ಮ ಫೋನಿನಲ್ಲಿ ಇದ್ದರೆ ಯಾರು ಕೇಳಿದರೂ ನೆಮ್ಮದಿ.

ಉಳಿದ ಎರಡು ಕೆಲಸ ಬೇಗ ಆಗುತ್ತವೆ. ವಾಟ್ಸಾಪ್ ಸ್ಟೇಟಸ್‌ಗೆ 1080ಕ್ಕೆ 1920 ಅಳತೆ, ಮೇಲೆ ಕೆಳಗೆ 250 ಪಿಕ್ಸೆಲ್‌ನಷ್ಟು ಖಾಲಿ ಬಿಡಿ, ಅಲ್ಲಿ ಹೆಸರು ಮತ್ತು ರಿಪ್ಲೈ ಪಟ್ಟಿ ಬಂದು ಮುಚ್ಚುತ್ತದೆ. ಆಹ್ವಾನ ಪತ್ರಿಕೆ ಎ5, ಅಂದರೆ 148ಕ್ಕೆ 210 ಮಿಲಿಮೀಟರ್, ಸುತ್ತಲೂ 3 ಮಿಲಿಮೀಟರ್ ಬ್ಲೀಡ್ ಬಿಡಿ, ಅಂದರೆ ಹಿನ್ನೆಲೆಯ ಬಣ್ಣ ಅಷ್ಟು ಹೊರಗೆ ಚಾಚಿರಲಿ, ಇಲ್ಲದಿದ್ದರೆ ಕತ್ತರಿಸುವಾಗ ಬಿಳಿ ಗೆರೆ ಉಳಿಯುತ್ತದೆ. ನೂರಿನ್ನೂರು ಪ್ರತಿ ಆದರೆ ಆಫ್‌ಸೆಟ್‌ಗೆ ಹೋಗಬೇಡಿ, ಡಿಜಿಟಲ್ ಪ್ರಿಂಟೇ ಅಗ್ಗ. ಕಾರ್ಡಿನ ಹಿಂದೆ ಗೂಗಲ್ ಮ್ಯಾಪ್‌ನ ಕ್ಯೂಆರ್ ಕೋಡ್ ಹಾಕಿ, ಒಂದು ಇಂಚಿಗಿಂತ ಚಿಕ್ಕದು ಬೇಡ, ಪ್ರಿಂಟಿಗೆ ಕೊಡುವ ಮುಂಚೆ ಇನ್ನೊಬ್ಬರ ಫೋನಿನಿಂದ ಸ್ಕ್ಯಾನ್ ಮಾಡಿ ನೋಡಿ.

ಸಮಯದ ಲೆಕ್ಕ ಹಿಂದಿನಿಂದ ಹಾಕಿ. ಬ್ಯಾನರ್ ಡಿಸೆಂಬರ್ 10ಕ್ಕೆ ಕಟ್ಟಿರಬೇಕು ಅಂದರೆ 5ಕ್ಕೆ ಅಂಗಡಿಗೆ ಹೋಗಬೇಕು, ನವೆಂಬರ್ ಕೊನೆಗೆ ಕಮಿಟಿ ಒಪ್ಪಿರಬೇಕು. ಡಿಸೆಂಬರ್ ಎರಡನೇ ವಾರ ಎಲ್ಲಾ ಚರ್ಚಿನವರೂ ಅದೇ ಅಂಗಡಿಗೆ ಬರುತ್ತಾರೆ, ಆಗ ನಿಮ್ಮ ಫೈಲನ್ನು ಯಾರೂ ಸಮಾಧಾನವಾಗಿ ನೋಡುವುದಿಲ್ಲ. ಮೊದಲು ಮೇಲೆ ಬರೆದ ನಾಲ್ಕು ಸಾಲನ್ನು ನಿಮ್ಮ ಊರಿಗೆ ತಕ್ಕ ಹಾಗೆ ತಿದ್ದಿ ಪಾಸ್ಟರಿಗೆ ತೋರಿಸಿ, ಬರಹ ಒಪ್ಪಿಗೆ ಆದ ಮೇಲೆಯೇ ಬಣ್ಣ, ಚಿತ್ರ. ಡಿಸೈನ್ ಆದ ಮೇಲೆ ಪಿಡಿಎಫ್ ನನಗೂ ಕಳಿಸಿ, ಕಾಗುಣಿತ ನೋಡಿ ಹೇಳುತ್ತೇನೆ. ಕ್ಯಾನ್ವಾದ ಪಾಸ್‌ವರ್ಡ್ ನಿಮ್ಮೊಬ್ಬರ ಹತ್ತಿರವೇ ಇರುವುದು ಬೇಡ. ಸಭೆಯ ಹೆಸರಿನಲ್ಲಿ ಒಂದು ಇಮೇಲ್ ಮಾಡಿ, ಯೌವನಸ್ಥರ ಕೂಟದ ಇನ್ನಿಬ್ಬರಿಗೆ ಈಗಿನಿಂದಲೇ ಕೆಲಸ ಕಲಿಸಿ. ಬಿ.ಕಾಂ. ಮುಗಿದ ಮೇಲೆ ನೀವು ಯಾವ ಊರಿನಲ್ಲಿರುತ್ತೀರೋ ಏನೋ.